ಅಂಚಿನಲ್ಲಿದ್ದ ಕನ್ನಡಕದ ಮುಖ

ಒಂದು ಕೈಯಲ್ಲಿ ಬಿಳಿ ಅಂಗಿ, ಇನ್ನೊಂದರಲ್ಲಿ ನೀಲಿ ಹಿಡಿದು ಅವಳು ಗಂಡನ ಹೆಣದ ಮುಂದೆ ನಿಂತೇ ಇದ್ದಳು.

"ಅತ್ತಿಗೆ, ಯಾವುದಾದ್ರೂ ಒಂದು ಹಾಕಿ. ಗಾಡಿ ಬಂದು ನಿಂತಿದೆ," ಎಂದ ಮೈದುನ.

"ನೀಲಿ ಹಾಕಿ. ಗುರುವಾರ ಅದನ್ನೇ ಹಾಕ್ಕೊಂಡು ಬರ್ತಿದ್ರು."

ಬಾಗಿಲಲ್ಲಿ ಗಣಿತದ ಮೇಡಂ. ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಸತ್ತವನ ಜೊತೆ ಗಣಿತ ಕಲಿಸುತ್ತ ಒಂದೇ ಕರಿಹಲಗೆ ಹಂಚಿಕೊಂಡವಳು. ಹೆಂಡತಿ ಗಮನಿಸದ ಅಂಗಿಯ ಬಣ್ಣ ಇವಳಿಗೆ ವಾರದ ಸಮೇತ ಬಾಯಿಪಾಠ!

*

ಒಂಬತ್ತು ವರ್ಷದ ಹಿಂದೆ ಧೂಳು ಹೊಡೆಯುವಾಗ ಅವನ ನೋಟುಪುಸ್ತಕ ಬಿದ್ದು ತೆರೆದುಕೊಂಡಿತ್ತು. ಹಾಳೆ ತುಂಬ ಚುಕ್ಕಿ, ಗೆರೆ, ಕವಲೊಡೆದು ಕೊನೆಯೇ ಕಾಣದ ದಾರಿಗಳು. ಅಂಚಿನಲ್ಲಿ ಮಾತ್ರ ಪುಟ್ಟದೊಂದು ಹೆಣ್ಣುಮುಖ, ಮೂಗಿನ ಮೇಲೆ ಕನ್ನಡಕ. ಮುಂದಿನ ಹಾಳೆಯಲ್ಲೂ ಅದೇ. ಅದರ ಮುಂದಿನದರಲ್ಲಿ ಮೂರು.

ಕನ್ನಡಕವಿಲ್ಲದೆ ಮೇಡಂ ಹೊಸಿಲು ದಾಟುತ್ತಿರಲಿಲ್ಲ. ಅವತ್ತು ಅಡುಗೆಗೆ ಉಪ್ಪು ಎರಡು ಸಲ ಬಿತ್ತು. ಅವನು ತುಟಿ ಪಿಟಕ್ಕೆನ್ನದೆ ಉಂಡ. ತಪ್ಪು ಮಾಡಿದವರೇ ಹಾಗೆ ಉಣ್ಣುವುದು ಎಂದುಕೊಂಡಳು.

*

ಅವಳು ಅಂಗಿಗಳನ್ನು ಕೆಳಗಿಟ್ಟು ಆ ಪುಸ್ತಕ ತಂದಳು.

"ತಗೊಳ್ಳಿ ಮೇಡಂ. ನಿಮ್ಮ ಮುಖ ತುಂಬಿರೋ ಪುಸ್ತಕ ನನಗ್ಯಾಕೆ?"

ಮೇಡಂ ಹಾಳೆ ತಿರುವಿ ನಕ್ಕಳು. ನಗು ಒಣಗಿತ್ತು.

"ನನ್ನದಾ? ನನ್ನ ಕನ್ನಡಕ ಯಾವತ್ತಾದ್ರೂ ಹೀಗೆ ಮೂಗಿನ ತುದಿಗೆ ಜಾರಿದ್ದು ನೋಡಿದ್ದೀರಾ?"

ಅವಳು ಕಣ್ಣು ಕಿರಿದು ಮಾಡಿ ಬಗ್ಗಿ ನೋಡುವಾಗ ಮೇಡಂ ಗೆರೆಗಳ ಮೇಲೆ ಬೆರಳಿಟ್ಟಳು.

"ಈ ದಾರಿಗಳಲ್ಲಿ ಪ್ರತಿ ಕವಲಲ್ಲೂ ಯಾರಾದ್ರೂ ಒಂದನ್ನ ಆರಿಸ್ಬೇಕು. ಕವಲಿಗೆ ಕೊನೇನೇ ಇಲ್ಲ. ಆರಿಸೋರು ಒಬ್ರಿದ್ದಾರೆ ಅಂತ ನಂಬದೇನೇ ಸರ್ ಹಿಡಿದಿದ್ದ ಪ್ರಮೇಯ ನಿಲ್ಲುತ್ತಾ ಅಂತ ನೋಡೋದೇ ನಮ್ಮ ಕೆಲಸ. ನಂಬಲೇಬೇಕಾದ ಕಡೆಯೆಲ್ಲ ಸರ್ ಈ ಮುಖ ಬರೆಯೋರು. 'ಕೊನೆಯಿಲ್ಲದಷ್ಟು ಬುಟ್ಟಿ ಇಟ್ರೂ ಪ್ರತಿಯೊಂದರಿಂದ ಒಂದೊಂದು ಬದನೆಕಾಯಿ ಆರಿಸಿ ತರ್ತಾಳೆ ನಮ್ಮವಳು' ಅನ್ನೋರು."

ಮೈದುನ ಮುಖ ಆಚೆ ತಿರುಗಿಸಿದ.

"ಈ ಮುಖ ಅಳಿಸ್ಬೇಕು ಅಂತ ಆರು ವರ್ಷ ಒದ್ದಾಡಿದೆ," ಎಂದಳು ಮೇಡಂ, ಮೆಲ್ಲಗೆ. "ಬೇರೆ ಪುರಾವೆ ಹುಡುಕಿದೆ, ಸುತ್ತುದಾರಿ ಹಿಡಿದೆ. ಕೊನೆಗೆ ಉಲ್ಟಾ ಹೊರಟೆ. ಪ್ರಮೇಯ ನಿಜ ಅಂತ ಹಿಡಿದ್ರೆ ಆರಿಸೋರು ಇರಲೇಬೇಕು ಅಂತ ಬಂತು. ಈ ಮುಖ ಬಿಟ್ಟು ಆಗಲ್ಲ ಅಂತ ನನ್ನ ಕೈಯಾರೆ ಸಾಧಿಸ್ಬೇಕಾಯ್ತು. ನನ್ನ ಹೆಸರಲ್ಲಿ ಇರೋದು ಅದೊಂದೇ ಪ್ರಮೇಯ."

ಹೊರಗೆ ಗಾಡಿಯವನು ಹಾರ್ನ್ ಮಾಡಿದ.

ಹೆಂಡತಿ ಅಡುಗೆಮನೆಗೆ ಹೋಗಿ, ತರಕಾರಿ ಬುಟ್ಟಿಯ ಪಕ್ಕದಲ್ಲಿದ್ದ ತನ್ನ ಕನ್ನಡಕ ತಂದು ಮೂಗಿಗೇರಿಸಿಕೊಂಡಳು. ಅದು ತುದಿಗೆ ಜಾರಿತು. ಎರಡೂ ಅಂಗಿ ಕಿಟಕಿಯ ಬೆಳಕಿಗೆ ಹಿಡಿದು, ಕಾಲರು, ತೋಳು, ಗುಂಡಿ ಒಂದೊಂದನ್ನೇ ತಿರುಗಿಸಿ ಮುರುಗಿಸಿ ನೋಡತೊಡಗಿದಳು.

ಮೇಡಂ ತನ್ನ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಮತ್ತೆ ಹಾಕಿಕೊಳ್ಳಲಿಲ್ಲ.