ಮೂರು ಸುತ್ತು ಕಂಬಿ

"ಸುತ್ತಿಗೆ ಕೆಳಗಿಡೇ ಮುಂಡೆ! ಊರಿಗೂರೇ ಕಿವುಡಾಗ್ಬೇಕಾ?"

ಊರ ಕಚೇರಿಯ ಕಾರ್ಯದರ್ಶಿ ನನ್ನ ಕೈ ತಿರುಚಿದ. ಕಲ್ಲಿನ ಕ್ವಾರಿಯ ಗುಂಡಿಯಿಂದ ನನ್ನ ಗಂಡ ತಲೆಯೆತ್ತಿ ಕೂಗಿದ: "ನಾನಿನ್ನೂ ಇದೀನಿ ಸ್ವಾಮಿ, ಈಗ್ಲೇ ಅವಳನ್ನ ಮುಂಡೆ ಮಾಡ್ಬೇಡಿ." ಗುಂಡಿಯ ತುಂಬ ನಗು.

ನನ್ನ ಕೆಲಸ ಕಂಬಿ ಬಾರಿಸುವುದು. ಮೂರಡಿಯ ರೈಲು ಕಂಬಿ, ಮರಕ್ಕೆ ನೇತುಹಾಕಿದ್ದು. ಬಂಡೆ ಸಿಡಿಸುವ ಮದ್ದಿನ ಬತ್ತಿಗೆ ಬೆಂಕಿ ಮುಟ್ಟಿಸುವ ಮೊದಲು ಮೂರು ಸುತ್ತು. ಮೊದಲನೆಯದಕ್ಕೆ ಕೈಯಲ್ಲಿದ್ದುದನ್ನು ಬಿಡಬೇಕು. ಎರಡನೆಯದಕ್ಕೆ ಓಡಬೇಕು. ಮೂರನೆಯದಕ್ಕೆ ಮಣ್ಣಿಗೆ ಮುಖ ಹಚ್ಚಿ, ಕಿವಿ ಮುಚ್ಚಿ ಬೀಳಬೇಕು. ಕಲ್ಲು ಸಿಡಿದು ಮುಗಿದ ಮೇಲೆ ಒಂದೇ ಒಂದು ಪೆಟ್ಟು. ಅದು ಕೇಳುವವರೆಗೆ ಯಾರೂ ಏಳುವುದಿಲ್ಲ. ನಮ್ಮ ಮಕ್ಕಳು ನಡೆಯುವ ಮುಂಚೆ ಬೀಳುವುದನ್ನು ಕಲಿಯುತ್ತವೆ.

ಕಾರ್ಯದರ್ಶಿ ಕಾಗದ ಬಿಚ್ಚಿ ಓದಿದ. ಊರಿನ ಶಾಂತಿಪಾಲನಾ ನಿಯಮಗಳು. ಗಂಟೆ, ಕಂಬಿ ಬಾರಿಸುವಂತಿಲ್ಲ. ನಾಲ್ವರಿಗಿಂತ ಹೆಚ್ಚು ಜನ ಸೇರುವಂತಿಲ್ಲ. ಹೊರಗೆ ಗಟ್ಟಿಯಾಗಿ ಅಳುವಂತಿಲ್ಲ.

"ಬಂಡೆ ಸಿಡಿಯೋದಕ್ಕೆ ಸದ್ದಿಲ್ವಾ?" ಎಂದೆ.

"ಕ್ವಾರಿ ಊರ ಅಧ್ಯಕ್ಷರದ್ದು. ಅವರ ಹತ್ರ ಲೈಸೆನ್ಸ್ ಇದೆ. ನಿನ್ನ ಹತ್ರ ಏನಿದೆ, ಬಾಯಿ ಬಿಟ್ರೆ?"

ಕಂಬಿ ಹೊತ್ತುಕೊಂಡು ಹೋದರು. ಅದರ ಬದಲು ಬೀಸಲು ನನಗೊಂದು ಕೆಂಪು ಬಟ್ಟೆ ಕೊಟ್ಟರು.

ಒಂಬತ್ತನೆಯ ದಿನವೂ ಬೀಸಿದೆ. ಅದನ್ನು ನೋಡಿ ಮೇಸ್ತ್ರಿ ಬೆಂಕಿ ಮುಟ್ಟಿಸಿದ. ನೋಡಿದವರೆಲ್ಲ ಓಡಿದರು. ನನ್ನ ಗಂಡ ನನಗೆ ಬೆನ್ನು ಹಾಕಿ ಉಳಿ ಹೊಡೆಯುತ್ತಿದ್ದ. ಕೂಗಿದೆ. ಉಳಿಯ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ.

ಹೆಣವನ್ನು ನಾಲ್ವರು ಹೊತ್ತರು. ನಾನು ಐದನೆಯವಳು, ದೂರದಲ್ಲಿ ಬಾ ಎಂದರು.

ಮರುದಿನ ಊರ ಕಚೇರಿಗೆ ಹೋದೆ. ಜಗಲಿಯಲ್ಲಿ ಸಭೆ ನಡೆದಿತ್ತು. ಕ್ವಾರಿಯವರು ಅಂಗಳದಲ್ಲಿ ನಾಲ್ಕು ನಾಲ್ಕು ಜನರಾಗಿ, ನಡುವೆ ಜಾಗ ಬಿಟ್ಟು ನಿಂತಿದ್ದರು. ಕಚೇರಿಯ ಬಾಗಿಲು ಗಾಳಿಗೆ ಬಡಿಯದಂತೆ ಒಂದು ಕಬ್ಬಿಣ ಒರಗಿಸಿಟ್ಟಿದ್ದರು. ನನ್ನ ಕಂಬಿ.

"ಅದನ್ನ ವಾಪಸ್ ಕೊಡಿ."

ಅಧ್ಯಕ್ಷ ಚಹಾ ಲೋಟವನ್ನು ಮೇಜಿನ ಮೇಲಿಟ್ಟ. "ಬಟ್ಟೆ ನಿನ್ನ ಕೈಲಿತ್ತು. ನೆಟ್ಟಗೆ ಬೀಸೋಕೂ ಬರದವಳು ನೀನು. ಕೇಸ್ ಹಾಕಿಲ್ಲ ಅಂತ ಖುಷಿಪಡು."

ನನ್ನ ಗಂಟಲಿನಿಂದ ಏನೋ ಹೊರಟಿತು.

"ಶ್! ಮೂರನೇ ನಿಯಮ," ಕಾರ್ಯದರ್ಶಿ ಬೆರಳೆತ್ತಿದ. "ಅಳೋದಿದ್ರೆ ಮನೆಗೆ ಹೋಗಿ ಅಳೇ ಮುಂಡೆ."

ಈ ಸಲ ಗುಂಡಿಯಿಂದ ಕೂಗಿ ಹೇಳಲು ಯಾರೂ ಇರಲಿಲ್ಲ.

ಕಂಬಿ ಎತ್ತಿದೆ. ಬಾಗಿಲು ಧಡಾರನೆ ಬಡಿಯಿತು. ಗಂಡ ಸೊಂಟಕ್ಕೆ ಕಟ್ಟುತ್ತಿದ್ದ ಹಗ್ಗ ನನ್ನ ಹೆಗಲ ಮೇಲಿತ್ತು. ಅದರಲ್ಲೇ ಕಂಬಿಯನ್ನು ಗೇಟಿನ ಅಡ್ಡಪಟ್ಟಿಗೆ ನೇತುಹಾಕಿ, ಮಡಿಲಿನಿಂದ ಸುತ್ತಿಗೆ ತೆಗೆದೆ.

ಮೊದಲ ಸುತ್ತು. ಅಂಗಳದಲ್ಲಿದ್ದವರ ಕೈಯಿಂದ ಬುತ್ತಿ, ಬೀಡಿ ಕೆಳಗೆ ಬಿದ್ದವು.

"ಹಿಡೀರೋ ಆ ಹಾದರಗಿತ್ತೀನ!" ಅಧ್ಯಕ್ಷ ಕಿರುಚಿದ.

ಎರಡನೇ ಸುತ್ತು. ನಾಲ್ಕು ನಾಲ್ಕಾಗಿದ್ದವರು ಒಂದೇ ಗುಂಪಾಗಿ ಗೋಡೆಯ ಮರೆಗೆ ಓಡಿದರು. ಮೇಸ್ತ್ರಿಯೂ ಓಡಿದ.

ಮೂರನೇ ಸುತ್ತು. ಅರವತ್ತು ಜನ ಮಣ್ಣಿಗೆ ಮುಖ ಹಚ್ಚಿ ಬಿದ್ದರು.

ನಿಲ್ಲಿಸಿದೆ.

"ಮದ್ದು ಎಲ್ಲಿಟ್ಟಿದೀಯೇ?" ಕಾರ್ಯದರ್ಶಿಯ ದನಿ ಸೀಳಿತು. "ಎಲ್ಲಿಟ್ಟಿದೀಯಾ, ತಾಯಿ?"

ಎಲ್ಲೂ ಏನೂ ಇಟ್ಟಿರಲಿಲ್ಲ. ಹೇಳಲಿಲ್ಲ. ಅಧ್ಯಕ್ಷ ಮೇಜಿನಡಿ ನುಸುಳಿ ಕಿವಿ ಮುಚ್ಚಿಕೊಂಡಿದ್ದ. ಉರುಳಿದ ಲೋಟದ ಚಹಾ ಅವನ ಕತ್ತಿನ ಮೇಲೆ ತೊಟ್ಟಿಕ್ಕುತ್ತಿತ್ತು. ಊರಿನಲ್ಲಿ ಒಂದು ಪಿಸುಮಾತೂ ಇರಲಿಲ್ಲ.

ಏಳಿ ಎನ್ನುವ ಒಂದು ಪೆಟ್ಟು ಬಾಕಿಯಿತ್ತು. ನಾನು ಹೊಡೆಯಲಿಲ್ಲ.