ಕಕ್ಕಡದ ಬಣ್ಣ

ರಾಜಧಾನಿಯ ದ್ವಾರಕಾ ಬಡಾವಣೆಯ ಆ ಫ್ಲ್ಯಾಟಿನಲ್ಲಿ ಎಲ್ಲರ ಮೂತ್ರವೂ ಕೆಂಪಾಗಿತ್ತು, ಯಾರಿಗೂ ಗಾಬರಿಯಿರಲಿಲ್ಲ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟರಂದು ಕೊಡವರ ಮನೆಯಲ್ಲಿ ಮದ್ದುಸೊಪ್ಪಿನ ಪಾಯಸವಾಗಲೇಬೇಕು. ಉಂಡವರಿಗೆ ಹಾಗಾಗುವುದು ವಾಡಿಕೆ. ಮಡಿಕೇರಿಯಿಂದ ಬಂದ ನೆಂಟರು ಸೊಪ್ಪನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಲಿಂಫೋಮಾಗೆ ಚಿಕಿತ್ಸೆ ಪಡೆಯುತ್ತಿದ್ದ ನಿವೃತ್ತ ಸುಬೇದಾರ್ ಕರುಂಬಯ್ಯ ಎರಡು ಬಟ್ಟಲು ಉಂಡು, "ಯಾವ ಕೀಮೋನೂ ಇದರ ಮುಂದಿಲ್ಲ" ಎಂದಿದ್ದರು.

ಮಗಳು ಮಾಚಮ್ಮ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರದ ಸಂಶೋಧಕಿ. ಅವಳಿಗೂ ಅವ್ವ ದೇವಮ್ಮನಿಗೂ ಮರುದಿನವೇ ಬಣ್ಣ ಇಳಿದಿತ್ತು. ಅದಾಗಿ ಕೆಲವು ದಿನಗಳ ಮೇಲೆ ಒಂದು ಬೆಳಗ್ಗೆ ಟ್ಯಾಂಕಿನಲ್ಲಿ ನೀರಿರಲಿಲ್ಲ, ಫ್ಲಶ್ ಸರಿಯಾಗಿ ಹರಿಯಲಿಲ್ಲ. ಅಪ್ಪ ಹೊರಬಂದ ಮೇಲೆ ಬಾತ್‌ರೂಮಿಗೆ ಹೋದವಳು ಅಲ್ಲೇ ನಿಂತಳು.

"ಅಪ್ಪಾ, ನಿಮಗಿನ್ನೂ ಕೆಂಪಾ?"

"ಎರಡು ಬಟ್ಟಲು ಉಂಡವನಿಗೆ ಡಬಲ್ ರೇಷನ್."

"ನಿನಗೆ ಎಲ್ಲದರಲ್ಲೂ ರೋಗವೇ ಕಾಣ್ತದೆ," ಎಂದರು ದೇವಮ್ಮ. "ನಾಳೆ ಕೀಮೋ ಇದೆ. ಅವರನ್ನು ಹೆದರಿಸಬೇಡ."

ನಾಳೆ ಕೀಮೋ ಇದೆ ಎಂಬುದೇ ಮಾಚಮ್ಮಳ ಹೆದರಿಕೆ. ಅದು ರಕ್ತವಾಗಿದ್ದು ಕಿಡ್ನಿ ಸೋತಿದ್ದರೆ ಆ ಔಷಧಿಯೇ ವಿಷವಾಗಬಹುದು. ಅವಳು ಅಡುಗೆಮನೆಯಿಂದ ಗಾಜಿನ ಲೋಟವೊಂದನ್ನು ತಂದು ಅಪ್ಪನ ಕೈಗಿಟ್ಟಳು.

"ರಮ್ ಕುಡಿದ ಗ್ಲಾಸಲ್ಲಿ ಇದಾ? ಪಾಪ ಬರ್ತದೆ ಮಗಳೇ."

"ಸೊಪ್ಪಿನ ಬಣ್ಣವಾದರೆ ನೀರಲ್ಲಿ ಕರಗಿಯೇ ಇರ್ತದೆ. ರಕ್ತವಾದರೆ ತಳಕ್ಕೆ ಕೂರ್ತದೆ. ಅಷ್ಟೇ, ಅಪ್ಪ."

ತುಂಬಿದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮೂವರೂ ದೂರ ಕೂತರು. ಕೆಳಗೆ ತರಕಾರಿಯವನು ಕೂಗುತ್ತಿದ್ದ. ಯಾವಾಗಲೂ ಬಾಲ್ಕನಿಯಿಂದಲೇ "ಭಯ್ಯಾ, ರುಕೋ" ಎನ್ನುವ ದೇವಮ್ಮ ಇಂದು ಏಳಲಿಲ್ಲ. ಲೋಟ ಅಲುಗಾಡಬಾರದೆಂದು ಮಾಚಮ್ಮ ಫ್ಯಾನನ್ನೂ ಹಾಕಗೊಡಲಿಲ್ಲ. ಆಗಸ್ಟಿನ ಸೆಕೆಯಲ್ಲಿ ಕರುಂಬಯ್ಯನವರ ಅಂಗಿ ಬೆನ್ನಿಗಂಟಿತ್ತು. ಸೊಪ್ಪೇ ಆಗಿರಲಿ ಎಂದು ಅವಳು ಬೇಡಿಕೊಂಡಳು. ಪ್ರಯೋಗಾಲಯದಲ್ಲಿ ಯಾವ ಫಲಿತಾಂಶಕ್ಕೂ ಹೀಗೆ ಬೇಡಿಕೊಂಡವಳಲ್ಲ.

ಬಿಸಿಲೇರಿದಾಗ ಹತ್ತಿರ ಹೋಗಿ ಬಗ್ಗಿ ನೋಡಿದಳು. ಮೇಲಿನ ನೀರು ತಿಳಿಯಾಗಿತ್ತು. ತಳದಲ್ಲಿ ಕುಂಕುಮದ ಗೆರೆಯಂತೆ ಕೆಂಪು ಕೂತಿತ್ತು.

ಕರುಂಬಯ್ಯನವರು ಲೋಟದಿಂದ ಕಣ್ಣು ತೆಗೆದರು.

"ಪಾಯಸಕ್ಕೆ ಮೊದಲೇ ಶುರುವಾಗಿತ್ತು."

"ಏನಂದ್ರಿ?" ದೇವಮ್ಮ ಎದ್ದು ನಿಂತರು.

"ಸೊಪ್ಪು ತರಲು ಹೇಳಿದ್ದು ನಾನೇ. ಎಲ್ಲರಿಗೂ ಕೆಂಪಾದರೆ ನನ್ನನ್ನು ಯಾರು ಕೇಳ್ತಾರೆ? ಕೀಮೋ ವಾರ್ಡಲ್ಲಿ ಪಕ್ಕದ ಮಂಚದವನನ್ನು ಡಯಾಲಿಸಿಸ್ ಮೆಷೀನಿಗೆ ಕಟ್ಟಿಹಾಕಿದ್ದು ನೋಡಿದ್ದೆ. ಸಾಯೋದಕ್ಕೆ ಹೆದರಿದವನಲ್ಲ ನಾನು. ಅದಕ್ಕೆ ಹೆದರಿದೆ."

"ಕೊಡಗಿನ ಶೂರ!" ದೇವಮ್ಮನ ಸ್ವರ ಒಡೆಯಿತು. "ನಾನು ಕೈಯಾರೆ ಬೇಯಿಸಿ ಬಡಿಸಿದೆನಲ್ಲ."

ಮಾಚಮ್ಮ ಆಗಲೇ ಕ್ಯಾಬ್ ಕರೆಯುತ್ತಿದ್ದಳು.

ಅಂದೇ ಆಸ್ಪತ್ರೆಗೆ ಸೇರಿಸಿದರು. ಸ್ಕ್ಯಾನಿನಲ್ಲಿ ಎರಡೂ ಕಿಡ್ನಿಗಳು ಊದಿಕೊಂಡಿದ್ದವು. ಮರುದಿನದ ಕೀಮೋ ನಿಂತಿತು. ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕೆಲವು ದಿನಗಳ ಮೇಲೆ ವರದಿ ಬಂತು: ಲಿಂಫೋಮಾದ ಜೀವಕೋಶಗಳು ಅಲ್ಲಿಗೂ ಹೊಕ್ಕಿದ್ದವು.

"ಹಳೆಯ ಔಷಧಿಯನ್ನೇ ಕೊಟ್ಟಿದ್ದರೆ ಕಿಡ್ನಿ ತಡೆದುಕೊಳ್ಳುತ್ತಿರಲಿಲ್ಲ," ಎಂದರು ವೈದ್ಯೆ. "ಬದಲಿಸಿ ಕೊಡೋಣ. ಕಾಯಿಲೆ ಕರಗಿದರೆ ಕಿಡ್ನಿಯೂ ಚೇತರಿಸಿಕೊಳ್ಳಬಹುದು. ಡಯಾಲಿಸಿಸ್ ಬೇಕೇ ಬೇಡವೇ ಅಂತ ಈಗಲೇ ಹೇಳಲಾರೆ."

ಕರುಂಬಯ್ಯ ಸೂರು ನೋಡುತ್ತ ಮಲಗಿಯೇ ಇದ್ದರು.

ಮರುದಿನ ಬೆಳಗ್ಗೆ ಮಾಚಮ್ಮ ವಾರ್ಡಿಗೆ ಬಂದಾಗ ಅವರು ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ಮೂತ್ರ ಹಿಡಿದಿಡಲು ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಬೆಳಕಿಗೆ ಹಿಡಿದು, "ಬಾ, ಮಾಚೂ," ಎಂದರು. "ಇನ್‌ಸ್ಪೆಕ್ಷನ್. ತಳ ನೋಡಿ ನಿಜ ಹೇಳು."