ಬಾಜೂದವರ ಮಾತು

ರಾತ್ರಿಯೆಲ್ಲ ಸುರಿದ ಮುಂಗಾರಿನ ಮಿರಗದ ಮಳೆ ಬೆಳಗಿನ ಜಾವಕ್ಕೆ ನಿಂತಿತ್ತು. ಮೋಡ ಇನ್ನೂ ಚದುರಿರಲಿಲ್ಲ. ಕಲ್ಯಾಣದ ಕೋಟೆಯ ಕಡೆಯಿಂದ ಬೀಸುತ್ತಿದ್ದ ಗಾಳಿಯಲ್ಲಿ ಒದ್ದೆ ಮಣ್ಣಿನ ಜೊತೆ ಹಸಿ ಸುಣ್ಣದ ವಾಸನೆಯೂ ಬೆರೆತಿತ್ತು. ನಮಾಜು ಮುಗಿಸಿ ಎದ್ದ ವಜೀರಬಿ ತನ್ನ ಮನೆ ಸೋರಿದೆಯೇ ಎಂದು ನೋಡಲು ಹೋಗಲಿಲ್ಲ. ಸೋರಿದೆ ಎಂಬುದು ಗೊತ್ತಿದ್ದದ್ದೇ. ಸೊಸೆ ಮಹಜಬೀನ್ ಕತ್ತಲಲ್ಲೇ ಎದ್ದು ಹಾಸಿಗೆ ಎಳೆದು ಅಲ್ಲಲ್ಲಿ ಪಾತೇಲಿ ಪಾತ್ರೆ ಇಟ್ಟದ್ದು ಕೇಳಿಸಿತ್ತು. ವಜೀರಬಿ ಗೂಡಿನಲ್ಲಿದ್ದ ಕೀಲಿ ತೆಗೆದುಕೊಂಡು ಬಾಜೂ ಮನೆಗೆ ನಡೆದಳು.

ಬಾಜೂ ಮನೆ ರುಕ್ಮಿಣಿಬಾಯಿಯದು. ಎರಡೂ ಮನೆಗಳ ನಡುವೆ ಇರುವುದು ಒಂದೇ ಗೋಡೆ. ಗಂಡ ತೀರಿದ ಮೇಲೆ ರುಕ್ಮಿಣಿಬಾಯಿ ಹುಮನಾಬಾದಿನಲ್ಲಿ ಅಂಗಡಿ ಇಟ್ಟಿರುವ ಮಗ ಪ್ರೇಮಕುಮಾರನ ಹತ್ತಿರ ಹೋಗಿದ್ದಳು. ಹೋಗುವಾಗ ಕೀಲಿಯನ್ನು ವಜೀರಬಿಯ ಕೈಯಲ್ಲಿ ಇಟ್ಟಿದ್ದಳು. ಹೋದ ತಿಂಗಳು, ಮಗಳು ದೀಪಾಲಿಯ ಸೀಮಂತದ ವಿಷಯಕ್ಕೆ, ಆಕೆಯದೇ ಫೋನು ಬಂದಿತ್ತು.

"ವಜೀರಾ, ದೀಪಾಲಿ ಕುಬಸ ಅಲ್ಲೇ, ಆಕಿ ಹುಟ್ಟಿದ ಮನ್ಯಾಗ ಮಾಡಬೇಕಂತೀವಿ. ಮನಿ ಒಂದೀಟು ನೆಟ್ಟಗ ಮಾಡಿಸವ್ವ. ನೀ ನಿಂತ್ರ ನಾ ನಿಂತಂಗ."

ವಜೀರಬಿ ನಿಂತು ಮಾಡಿಸಿದಳು. ಮಾಳಿಗೆಗೆ ಹೊಸ ಮಣ್ಣು ಹೊರಿಸಿ ಬಡಿಸಿದಳು. ಗೆದ್ದಲು ಹತ್ತಿದ ಚೌಕಟ್ಟಿಗೆ ತಾನೇ ಚಿಮಣಿ ಎಣ್ಣೆ ಸವರಿದಳು. ಸುಣ್ಣ ಬಳಿಯುವವರು ಮೂಲೆ ಬಿಟ್ಟರೆ ಕರೆದು ತೋರಿಸಿದಳು. "ಅಮ್ಮಿ, ನಮ್ಮ ಮಾಳಿಗಿಗೂ ಎರಡು ಬುಟ್ಟಿ ಮಣ್ಣು ಹಾಕಸ್ರಿ. ಇದೂ ರುಕ್ಮಿಣಿಬಾಯಿ ಮನೀನೇ ಅಂತ ತಿಳ್ಕೊಂಡು" ಎಂದು ಮಹಜಬೀನ್ ಚುಚ್ಚಿದ್ದಳು. ಅವಳಿಗೆ ಮತ್ತೆ ದಿನ ತುಂಬುತ್ತಿತ್ತು. ಇರುವ ಸಣ್ಣ ಮನೆಯಲ್ಲಿ ತೊಟ್ಟಿಲು ಕಟ್ಟಲು ಜಾಗವಿರಲಿಲ್ಲ. ರುಕ್ಮಿಣಿಬಾಯಿ ಎಂದಾದರೂ ಮನೆ ಮಾರಿದರೆ ನಡುಗೋಡೆಯಲ್ಲಿ ಬಾಗಿಲು ಒಡೆಯೋಣ ಎಂದು ಮಗ ನದೀಮ್ ಊಟಕ್ಕೆ ಕೂತಾಗಲೆಲ್ಲ ಅನ್ನುತ್ತಿದ್ದ. ವಜೀರಬಿ ಮಾತ್ರ ಆ ಮಾತನ್ನು ರುಕ್ಮಿಣಿಬಾಯಿಯ ಮುಂದೆ ಎತ್ತಿದವಳಲ್ಲ. ಆ ಓಣಿಯಲ್ಲಿ ಮನೆ ಮಾರುವವರು ಮೊದಲು ಬಾಜೂದವರನ್ನು ಕೇಳಬೇಕು, ಅವರು ಒಲ್ಲೆ ಎಂದರೇ ಹೊರಗಿನವರು. ಹಳಬರು ಅದಕ್ಕೆ ಶುಫಾ ಅನ್ನುತ್ತಿದ್ದರು. ಕೇಳುವ ಕೆಲಸ ಮಾರುವವರದು. ತಾನಾಗಿ ಬಾಯಿ ಬಿಡುವುದು ಚೆಂದವಲ್ಲ ಎಂದು ವಜೀರಬಿ ಸುಮ್ಮನಿದ್ದಳು. ರುಕ್ಮಿಣಿ ಅಕ್ಕ ಕೇಳದೆ ಎಲ್ಲಿಗೆ ಹೋಗುತ್ತಾಳೆ?

ಬಾಜೂ ಮನೆಯ ಬಾಗಿಲು ತೆರೆದು ವಜೀರಬಿ ಎಲ್ಲ ಕೋಣೆಯಲ್ಲೂ ತಲೆ ಎತ್ತಿ ನೋಡಿದಳು. ಎಲ್ಲೂ ಒಂದು ಕಲೆಯಿಲ್ಲ. ಮನಸ್ಸು ತಂಪಾಯಿತು.

ಹೊತ್ತೇರುವ ಮೊದಲೇ ಓಣಿಯ ಬಾಯಲ್ಲಿ ಕಾರು ನಿಂತಿತು. ರುಕ್ಮಿಣಿಬಾಯಿ, ಪ್ರೇಮಕುಮಾರ, ಜೊತೆಗೆ ಬಿಳಿ ಟೋಪಿಯ ಹಿರಿಯನೊಬ್ಬ ಇಳಿದರು. "ಇವ್ರು ರಾಜೇಶ್ವರದ ಕಲ್ಲಿನಾಥಪ್ಪ" ಎಂದಷ್ಟೇ ಹೇಳಿ ಪ್ರೇಮಕುಮಾರ ಒಳಗೆ ಹೋದ. ರುಕ್ಮಿಣಿಬಾಯಿ ವಜೀರಬಿಯ ಕೈ ಹಿಡಿದುಕೊಂಡಳು, ಮುಖ ನೋಡಲಿಲ್ಲ.

ಕಲ್ಲಿನಾಥಪ್ಪ ಕಂಬ ತಟ್ಟಿದ. ತೊಲೆಯ ಕಡೆ ಕತ್ತೆತ್ತಿ ನಿಂತ. ಗೋಡೆಗೆ ಹೆಬ್ಬೆರಳು ಒತ್ತಿ ನೋಡಿದ. ಕುಬಸಕ್ಕೆ ಬಂದ ಶಾಮಿಯಾನದವನಿರಬೇಕು ಎಂದುಕೊಂಡ ವಜೀರಬಿ ಅವನ ಹಿಂದೆಯೇ ಹೋಗಿ ವಿವರಿಸಿದಳು.

"ಹೆಣ್ಮಕ್ಕಳು ಅಂಗಳದಾಗ ಕುಂದರ್ಲಿ, ಗಂಡಸ್ರು ಪಡಸಾಲ್ಯಾಗ. ಮಳಿ ಬಂದ್ರೂ ಅಂಜಿಕಿಲ್ರಿ. ರಾತ್ರಿ ಅಂಥಾ ಮಳಿ ಹೊಡೀತು, ಇಲ್ಲಿ ಒಂದು ಹನಿ ಬಿದ್ದಿಲ್ಲ."

"ನಮ್ಮ ಮನ್ಯಾಗ ಮಳಿ ಬಂತಂದ್ರ ನಾವು ಅಂಗಳಕ್ಕ ಹೋಗಿ ನಿಂದರ್ತೀವ್ರಿ" ಎಂದ ಕಲ್ಲಿನಾಥಪ್ಪ. "ಅಲ್ಲೇ ಜರಾ ಕಮ್ಮಿ ತೊಯ್ತೀವಿ."

ವಜೀರಬಿ ನಕ್ಕಳು. ಅವನು ಬಚ್ಚಲ ಫರ್ಸಿ ಕಲ್ಲಿನ ಮೇಲೆ ಒಂದು ಚೊಂಬು ನೀರು ಚೆಲ್ಲಿ, ಅದು ಎತ್ತ ಹರಿಯುತ್ತದೆ ಎಂದು ಕೂತು ನೋಡಿದ. ಅಡುಗೆಮನೆಯಲ್ಲಿ ಬೇಸಿಗೆಯಲ್ಲೂ ಹಾಲು ಒಡೆಯದ ತಂಪು ಮೂಲೆ ಯಾವುದೆಂದು ಆಕೆ ತೋರಿಸಿದಳು.

"ಕೀಲಿ ಹಾಕಿದ್ದ ಮನಿ ಅನಸೂದಿಲ್ಲ ನೋಡ್ರಿ. ಯಾರೋ ಜೀವ ಇಟ್ಟು ನೋಡ್ಕೊಂಡಾರ" ಎನ್ನುತ್ತ ಅವನು ಕಟ್ಟೆಯ ಮೇಲೆ ಕೂತ. ಆಮೇಲೆ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. "ವಜೀರಬಿ ಅಂದ್ರ ನೀವೇ ಹೌದಲ್ರಿ? ನಿಮಗ ಕೈ ಮುಗೀಬೇಕಂತಿದ್ದೆ. ನೀವು ಒಲ್ಲೆ ಅಂದಿದ್ದಕ್ಕ ಈ ಮನಿ ನಮಗ ಸಿಗಾಕತ್ತದ. ಬಾಜೂದವ್ರು ಬ್ಯಾಡ ಅಂದಾರ ಅಂತ ಪ್ರೇಮಕುಮಾರ ಹೇಳೋತನಕ ನಾ ಈ ಕಡೆ ಹೆಜ್ಜಿ ಇಟ್ಟಿಲ್ಲ. ಆದ್ರೂ ನಿಮ್ಮ ಬಾಯಿಂದ ಒಂದು ಮಾತು ಕೇಳಿದ್ರ ಸಮಾಧಾನ."

ವಜೀರಬಿ ಎಂಬ ಹೆಸರಿನ ಬೇರೆ ಯಾರದೋ ಸುದ್ದಿ ಅವನು ಹೇಳುತ್ತಿದ್ದಾನೆ ಎನಿಸಿತು ಆಕೆಗೆ. ಆಕೆ ರುಕ್ಮಿಣಿಬಾಯಿಯ ಕಡೆ ತಿರುಗಿದಳು.

"ಕುಬಸ ಯಾವಾಗ ಅಕ್ಕಾ?"

ರುಕ್ಮಿಣಿಬಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಉತ್ತರ ಕೊಟ್ಟವನು ಪ್ರೇಮಕುಮಾರ. "ಅದು ಹುಮನಾಬಾದದಾಗೇ ಒಂದು ಹಾಲ್ ಹಿಡಿದು ಮುಗಿಸಿದ್ವಿ ಖಾಲಾ. ಗಡಬಡದಾಗ ಯಾರಿಗೂ ಹೇಳಾಕಾಗ್ಲಿಲ್ಲ."

ವಜೀರಬಿ ಸುಣ್ಣದ ಗೋಡೆಯನ್ನೇ ನೋಡಿದಳು. "ಸಂಜೀಕ ಹೇಳ್ತೀನ್ರಿ" ಎಂದಳು ಕಲ್ಲಿನಾಥಪ್ಪನಿಗೆ.

"ಸಂಜೀಕ ಏನು ಹೇಳೂದದ ಖಾಲಾ? ಹೇಳೂದು ಹೇಳೀರಲ್ಲ."

"ನಾ ಹೇಳಿದ್ದು ನಿನಗಷ್ಟ ಕೇಳಿಸ್ಯದ ನೋಡಪ್ಪಾ" ಎಂದಳು ಆಕೆ.

ಕಲ್ಲಿನಾಥಪ್ಪ ಒಬ್ಬೊಬ್ಬರ ಮುಖ ನೋಡಿದ. ಟೋಪಿ ಹಾಕಿಕೊಂಡು ಎದ್ದ. "ಆಗ್ಲಿ. ಗೋರ್ಟಾದಾಗ ನಮ್ಮ ಬೀಗರ ಮನಿ ಅದ, ಹೋಗಿ ಬರ್ತೀನಿ. ಈ ತಾಯಿ ಹೇಳಿದ ಮ್ಯಾಲೇ ಮುಂದಿನ ಮಾತು."

ಮನೆಗೆ ಬಂದು ವಜೀರಬಿ ಹೇಳಿದ್ದನ್ನೆಲ್ಲ ಮಹಜಬೀನ್ ಹೊಲಿಗೆ ಮಷೀನಿನ ಮುಂದೆ ಕೂತೇ ಕೇಳಿದಳು. "ಕೇಳೇ ಇಲ್ಲ ಅನ್ರಿ ಅಮ್ಮಿ. ಇದ್ದದ್ದು ಇದ್ದಂಗ ಅನ್ರಿ. ಆ ಮುದುಕ ಎದ್ದು ಹೋಗ್ತಾನ, ಮನಿ ನಮಗ ಬರ್ತದ." ಹಳ್ಳಿಖೇಡದ ಕಾರ್ಖಾನೆಯಿಂದ ಫೋನಿನಲ್ಲಿ ನದೀಮ್ ಹೇಳಿದ್ದೂ ಅದನ್ನೇ. ಮಕ್ಕಳು ಅನ್ಯಾಯದ ಮಾತು ಆಡುತ್ತಿರಲಿಲ್ಲ. ವಜೀರಬಿ ಹೂಂ ಎಂದಳು. ಮಧ್ಯಾಹ್ನದ ನಮಾಜಿನಲ್ಲಿ ಮಾತ್ರ ಹಣೆ ನೆಲಕ್ಕೆ ಹಚ್ಚಿದವಳಿಗೆ ಮುಂದೆ ಓದುವುದು ಮರೆತುಹೋಯಿತು. ಮತ್ತೆ ಮೊದಲಿಂದ ನಿಂತಳು.

ಬಿಸಿಲು ಇಳಿಯುವ ಹೊತ್ತಿಗೆ ರುಕ್ಮಿಣಿಬಾಯಿ ಬಂದಳು. ಯಾವಾಗಿನಂತೆ ಓಣಿಯಿಂದಲೇ ಕೂಗುತ್ತ ಬರಲಿಲ್ಲ. ಚಪ್ಪಲಿ ಬಿಟ್ಟು, ಹೊಸಿಲ ಒಳಗೆ ಚಾಪೆಯ ತುದಿಯಲ್ಲಿ ಕೂತಳು.

"ನಿನ್ನ ಮುಂದ ಕುಂತು ರೇಟ್ ಹ್ಯಾಂಗ ಆಡೂದು ಅಂದ ಪ್ರೇಮ್ಯಾ. ಅವ್ರು ಅಳ್ಕೋತ ಕಮ್ಮಿ ಕೇಳ್ತಾರ, ನೀ ಹೂಂ ಅಂತಿ ಅವ್ವಾ ಅಂದ. ನಾ ಸುಮ್ಮನಾದೆ."

"ಕುಬಸ ಅಂತ ಫೋನ್ ಮಾಡಿದ್ದು ಪ್ರೇಮ್ಯಾ ಏನು?"

ರುಕ್ಮಿಣಿಬಾಯಿ ಹೇಳಿದಳು. "ಅಲ್ಲ, ನಾನ."

"ಮಾರೂದದ ಅಂದಿದ್ರೂ ನಾ ಸುಣ್ಣ ಹಚ್ಚಿಸ್ತಿದ್ದೆ ಅಕ್ಕಾ."

"ಗೊತ್ತದ" ಎಂದಳು ರುಕ್ಮಿಣಿಬಾಯಿ. "ಗೊತ್ತಿದ್ದೇ ಹೇಳಲಿಲ್ಲ."

ಹೊರಗೆ ಓಣಿಯಲ್ಲಿ ಕಲ್ಲಿನಾಥಪ್ಪ ಯಾರಿಗೋ ನಮಸ್ಕಾರ ಹೇಳಿದ್ದು ಕೇಳಿಸಿತು. ರುಕ್ಮಿಣಿಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಟ್ಟಗೆ ಕೂತಳು. ಈ ಓಣಿಗೆ ಸೊಸೆಯಾಗಿ ಬಂದ ದಿನದಿಂದ ವಜೀರಬಿಗೆ ನೀನು ಎಂದಲ್ಲದೆ ಬೇರೆ ಅಂದವಳಲ್ಲ.

"ವಜೀರಬಿ, ನಾವು ಮನಿ ಮಾರಾಕತ್ತೀವ್ರಿ. ಬಾಜೂದವ್ರು ನೀವು. ನಿಮಗ ಬೇಕೇನ್ರಿ?"

ಒಳಗೆ ಹೊಲಿಗೆ ಮಷೀನು ನಿಂತಿತು. ವಜೀರಬಿ ನಡುಗೋಡೆಯ ಕಡೆ ನೋಡಿದಳು. ಅಲ್ಲಿ ಬಾಗಿಲು ಒಡೆದರೆ ತೊಟ್ಟಿಲು ಆಚೆ ಕೋಣೆಯಲ್ಲಿ ಕಟ್ಟಬಹುದು. ಆದರೆ ದಿನಕ್ಕೆ ಎಷ್ಟು ಸಲ ತಾನು ಆ ಬಾಗಿಲು ಹಾಯುತ್ತಾಳೋ ಅಷ್ಟು ಸಲ, ಅಕ್ಕನ ಸುಳ್ಳು ಹೊರಬಿದ್ದ ಈ ಮುಂಜಾನೆಯನ್ನೂ ಹಾಯಬೇಕು. ಮಹಜಬೀನ್ ಪರದೆಯ ಹಿಂದೆ ಬಂದು ನಿಂತದ್ದು ಆಕೆಗೆ ಗೊತ್ತಾಯಿತು. ಆ ಕಡೆ ತಿರುಗಲಿಲ್ಲ.

ಎರವಲು ತಂದ ಜೋಳವನ್ನು ಸೇರು ತುಂಬ ಅಳೆದು, ಮೇಲೆ ಕೈಯಾಡಿಸಿ ಸಮ ಮಾಡಿ ಮರಳಿಸುವವಳ ಹಾಗೆ, ದನಿ ಎತ್ತರಿಸದೆ, ವಜೀರಬಿ ಹೇಳಿದಳು.

"ಬ್ಯಾಡ್ರಿ."